ಚಿಕ್ಕ ಮಕ್ಕಳನ್ನ ಇಟ್ಕೊಂಡು, ದೇವರನ್ನ ನಂಬ್ಕೊಂಡು ಹಳೇ ಮನೆ ರಿಪೇರಿ ಮಾಡಿ ಮಾರೋದು ಹೇಗೆ

ಹಳೇ ಮನೆ ತಗೊಂಡು, ಅದ್ರಲ್ಲೇ ಸಂಸಾರ ಮಾಡ್ಕೊಂಡು ರಿಪೇರಿ ಮಾಡಿಸಿ, ಒಳ್ಳೆ ರೇಟಿಗೆ ಮಾರಿ ಮುಂದಿನ ಮನೆಗೆ ಹೋಗೋದು ಹೇಗೆ ಅಂತ ಹೇಳಿಕೊಡೋರು ಬೇಕಾದಷ್ಟು ಜನ ಇದ್ದಾರೆ, ಆದ್ರೆ ಅವರ ಲೆಕ್ಕದಲ್ಲಿ ಮಕ್ಕಳು ಎಲ್ಲೂ ಬರಲ್ಲ. ಬಾತ್‌ರೂಮ್ ಒಡೆದ ದಿನ ಎರಡು ವರ್ಷದ ಮಗು ಎಲ್ಲಿರ್ಬೇಕು, ಪೈಂಟ್ ವಾಸನೆ ಇರೋವಾಗ ಅದು ಎಲ್ಲಿ ಮಲಗ್ಬೇಕು, ಇಂಥ ಪ್ರಶ್ನೆಗೆ ಯಾರ ಹತ್ರನೂ ಉತ್ತರ ಇರಲ್ಲ. ನಾನು, ನಮ್ಮ ಯಜಮಾನ್ರು ಇಬ್ಬರೂ ಮಕ್ಕಳು ಸಣ್ಣವರಿದ್ದಾಗ್ಲೇ ದೇವರ ಮೇಲೆ ಭಾರ ಹಾಕಿ ಈ ಕೆಲಸಕ್ಕೆ ಇಳಿದೋರು, ಹಾಗಾಗಿ ನಂಗೆ ಗೊತ್ತಿರೋದನ್ನ ಬಿಡಿಸಿ ಹೇಳ್ತೀನಿ. ಮೊದಲು ಯಾವ ಕೆಲಸ, ಆಮೇಲೆ ಯಾವುದು ಅನ್ನೋದನ್ನ ಮನೇಲಿರೋ ಅತಿ ಚಿಕ್ಕ ಮಗುವನ್ನ ನೋಡಿ ತೀರ್ಮಾನ ಮಾಡಿ. ಗೋಡೆ ಒಳಗೆ ಮಾಡ್ಸೋ ಕೆಲಸನ ಮಾತ್ರ ಕೊಳ್ಳೋರಿಗೆ ಕಾಣಲ್ಲ ಅಂತ ಬಿಡ್ಬೇಡಿ, ದೇವರು ನೋಡ್ತಿದ್ದಾನೆ ಅಂದ್ಕೊಂಡೇ ಮಾಡ್ಸಿ. ಉಳಿದಿದ್ದೆಲ್ಲ ಇದರಿಂದಲೇ ಬರುತ್ತೆ.

ಮೊದಲು ದುಡ್ಡಿನ ವಿಷಯ, ಯಾಕಂದ್ರೆ ನಂಬಿಕೆ ಇರೋರು ಜಾಸ್ತಿ ಎಡವೋದು ಇಲ್ಲೇ. ದೇವರು ನೋಡ್ಕೋತಾನೆ ಅಂತ ಲೆಕ್ಕ ಹಾಕದೇ ಮನೆ ತಗೋಬೇಡಿ. ಪ್ರಾರ್ಥನೆ ಮಾಡಿ, ಖಂಡಿತ ಮಾಡಿ, ಆದ್ರೆ ಪೆನ್ನು ಪೇಪರ್ ಹಿಡ್ಕೊಂಡು ಮಾಡಿ. ಮನೆ ತಗೊಂಡು ರಿಪೇರಿ ಮಾಡಿ ಮಾರೋರಲ್ಲಿ 70 ಪರ್ಸೆಂಟ್ ಲೆಕ್ಕ ಅಂತ ಒಂದಿದೆ, ರಿಪೇರಿ ಎಲ್ಲ ಮುಗಿದ್ಮೇಲೆ ಮನೆ ಎಷ್ಟಕ್ಕೆ ಹೋಗ್ಬಹುದು ಅಂತ ಅಂದಾಜು ಮಾಡಿ ಅದರ 70 ಪರ್ಸೆಂಟ್ ತಗೊಳ್ಳೋದು, ಅದ್ರಲ್ಲಿ ರಿಪೇರಿ ಖರ್ಚು ಕಳೆಯೋದು, ಉಳಿದಿದ್ದಕ್ಕಿಂತ ಜಾಸ್ತಿ ಕೊಟ್ಟು ಆ ಮನೆ ಕೊಳ್ಳಬಾರದು. ಅಂದ್ರೆ ರೆಡಿ ಆದ್ಮೇಲೆ 100 ಬಾಳೋ ಮನೆಗೆ 20 ರಿಪೇರಿ ಇದ್ರೆ 50ರ ಒಳಗೆ ಸಿಗ್ಬೇಕು. ಅದೇ ಮನೇಲಿ ನೀವು ವಾಸ ಮಾಡ್ತೀರ, ಬಾಡಿಗೆ ಉಳಿಯುತ್ತೆ, ಅದಕ್ಕೆ ಸ್ವಲ್ಪ ಸಡಿಲ ಮಾಡ್ಕೋಬಹುದು, ಆದ್ರೆ ಒಂದು ವಿಷಯ ನೆನಪಿರಲಿ, ಮಕ್ಕಳಿರೋ ಮನೇಲಿ ಕೆಲಸ ನಿಧಾನ ಆಗುತ್ತೆ. ನಿಧಾನ ಆದಷ್ಟೂ ಸಾಲದ ಬಡ್ಡಿ, ತೆರಿಗೆ, ಇನ್ಶೂರೆನ್ಸ್, ಕರೆಂಟು ನೀರಿನ ಬಿಲ್ಲು ಎಲ್ಲ ತಿಂಗಳು ತಿಂಗಳು ತಿಂತಾನೇ ಇರುತ್ತೆ. ಎಷ್ಟು ತಿಂಗಳಲ್ಲಿ ಮುಗಿಯುತ್ತೆ ಅನ್ಸುತ್ತೋ ಅದಕ್ಕೆ ಅರ್ಧ ಇನ್ನೂ ಸೇರಿಸಿ ಬಡ್ಡಿ ಲೆಕ್ಕ ಹಾಕಿ. ರಿಪೇರಿ ಬಜೆಟ್ ಮೇಲೆ 10ರಿಂದ 20 ಪರ್ಸೆಂಟ್ ಬೇರೆ ಎತ್ತಿಡಿ, ಮನೆ ತುಂಬಾ ಹಳೇದಾದ್ರೆ 20ಕ್ಕೇ ಇಡಿ, ಹಳೇ ಗೋಡೆ ಕಿತ್ತಾಗ ಒಳಗಿಂದ ಏನು ಹೊರಗೆ ಬರುತ್ತೋ ಯಾರಿಗೂ ಗೊತ್ತಿರಲ್ಲ.

ಇನ್ನೊಂದು, ಮನೆ ತಗೊಂಡು ಬೇಗ ಮಾರಿದ್ರೆ ಲಾಭದ ಮೇಲೆ ಬೀಳೋ ತೆರಿಗೆ ಬೇರೆ, ಕೆಲವು ವರ್ಷ ಇದ್ದು ಮಾರಿದ್ರೆ ಬೇರೆ ಅನ್ನೋ ಥರ ತುಂಬಾ ದೇಶಗಳಲ್ಲಿ ಕಾನೂನು ಇದೆ, ಅದಕ್ಕೆ ತೆರಿಗೆ ನೋಡೋರನ್ನ ಕೊಳ್ಳೋ ಮುಂಚೆ ಕೇಳಿ, ಮಾರೋ ಟೈಮಲ್ಲಿ ಕೇಳಿ ಪ್ರಯೋಜನ ಇಲ್ಲ.

ಗಂಡ ಹೆಂಡತಿ ಇಬ್ಬರೂ ಕೂತು ಒಂದು ಹಾಳೆ ಮೇಲೆ ಬರೀರಿ, ಇಷ್ಟಕ್ಕಿಂತ ಸಾಲ ಮಾಡಲ್ಲ, ಇಷ್ಟು ತಿಂಗಳು ದಾಟಿದ್ರೆ ಇದ್ದ ಹಾಗೇ ಮಾರ್ತೀವಿ, ಮಕ್ಕಳ ಆರೋಗ್ಯಕ್ಕೆ ತೊಂದರೆ ಆದ್ರೆ ಅವತ್ತೇ ಕೆಲಸ ನಿಲ್ಲಿಸ್ತೀವಿ ಅಂತ. ಬರೆದು ಅದನ್ನ ಮುಂದಿಟ್ಕೊಂಡು ಪ್ರಾರ್ಥನೆ ಮಾಡಿ. ಇಬ್ಬರಲ್ಲಿ ಒಬ್ಬರಿಗೆ ಮನಸ್ಸು ಒಪ್ಪದಿದ್ರೆ ಆ ಮನೆ ಬಿಟ್ಬಿಡಿ. ಇದು ಬರೀ ಭಕ್ತಿ ಮಾತಲ್ಲ, ಒಬ್ಬರು ಒಲ್ಲದ ಮನಸ್ಸಿಂದ ಒಪ್ಕೊಂಡ ಮನೇಲಿ ಅಡುಗೆಮನೆ ಇಲ್ಲದೇ ತಿಂಗಳುಗಟ್ಟಲೆ ಬದುಕೋದು ತುಂಬಾ ಕಷ್ಟ, ಪ್ರತಿ ಜಗಳನೂ ಅಲ್ಲಿಗೇ ಬಂದು ನಿಲ್ಲುತ್ತೆ.

ಮನೆ ನೋಡೋಕೆ ಹೋದಾಗ ಹೊಸ ಬಣ್ಣ, ಚೆಂದದ ಲೈಟು ನೋಡ್ಬೇಡಿ, ನೀರು ಎಲ್ಲಿಂದ ಬರ್ತಿದೆ ಅಂತ ನೋಡಿ. ಸಾಧ್ಯ ಆದ್ರೆ ಜೋರು ಮಳೆ ಬಂದ ಮಾರನೇ ದಿನ ಹೋಗಿ. ಗೋಡೆ ಕೆಳಭಾಗದಲ್ಲಿ ಬಿಳಿ ಪುಡಿ ಉದುರ್ತಿದ್ರೆ, ಬಣ್ಣ ಗುಳ್ಳೆ ಎದ್ದಿದ್ರೆ, ಬೀರು ಹಿಂದೆ ಬೂಷ್ಟು ವಾಸನೆ ಇದ್ರೆ ಆ ಗೋಡೆ ನೀರು ಕುಡೀತಿದೆ ಅಂತ ಅರ್ಥ. ಬಿರುಕು ಕಂಡ್ರೆ ಗಾಬರಿ ಆಗ್ಬೇಡಿ, ಕೂದಲೆಳೆ ಬಿರುಕು ಪ್ಲಾಸ್ಟರ್‌ನಲ್ಲಿ ಮಾಮೂಲಿ. ಆದ್ರೆ ಬಾಗಿಲು ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಮೇಲೆ ಹೋಗ್ತಾ ಅಗಲ ಆಗೋ ಬಿರುಕು, 5 ಮಿಲಿಮೀಟರ್‌ಗಿಂತ ಜಾಸ್ತಿ ಬಾಯಿ ಬಿಟ್ಟಿರೋ ಬಿರುಕು, ಇವು ಕಂಡ್ರೆ ಸ್ಟ್ರಕ್ಚರಲ್ ಎಂಜಿನಿಯರ್ ಕರ್ಸದೇ ಮುಂದಕ್ಕೆ ಹೋಗ್ಬೇಡಿ. ಗೋಡೆ ತೆಗೆದು ಹಾಲ್ ದೊಡ್ಡದು ಮಾಡೋ ಆಸೆ ಎಲ್ಲರಿಗೂ ಇರುತ್ತೆ, ಆ ಗೋಡೆ ಮೇಲೆ ಭಾರ ಕೂತಿದ್ಯಾ ಇಲ್ವಾ ಅನ್ನೋದನ್ನೂ ಅವರೇ ಹೇಳ್ಬೇಕು, ಗೋಡೆ ತಟ್ಟಿ ನೋಡಿ ಏನಾಗಲ್ಲ ಅನ್ನೋರ ಮಾತು ಕೇಳ್ಬೇಡಿ.

ಈಗ ಮಕ್ಕಳ ವಿಷಯಕ್ಕೆ ಬರ್ತೀನಿ, ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಳೇ ಮನೇಲಿ ಮಕ್ಕಳಿಗೆ ದೊಡ್ಡ ಶತ್ರು ಅಂದ್ರೆ ಧೂಳು. ಹಳೇ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆ ಇದೆ. ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ಹಾಕೋದನ್ನ 1978ರಲ್ಲೇ ನಿಲ್ಲಿಸಿದ್ರು, ಬೇರೆ ಎಷ್ಟೋ ದೇಶಗಳಲ್ಲಿ ಅದಾದ್ಮೇಲೂ ತುಂಬಾ ವರ್ಷ ನಡೀತು. ಮಗುವಿನ ರಕ್ತದಲ್ಲಿ ಇಷ್ಟು ಸೀಸ ಇದ್ರೆ ಪರವಾಗಿಲ್ಲ ಅನ್ನೋ ಮಟ್ಟನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದು ನೇರ ಮಿದುಳಿನ ಬೆಳವಣಿಗೆ ಮೇಲೆ ಏಟು ಕೊಡುತ್ತೆ, ಕಲಿಯೋ ಶಕ್ತಿ, ನಡವಳಿಕೆ ಎಲ್ಲದರ ಮೇಲೂ. ಅಂಬೆಗಾಲಿಡೋ ಮಗು ನೆಲ ಮುಟ್ಟಿದ ಕೈನ ಬಾಯಿಗೆ ಇಡುತ್ತೆ, ಅಷ್ಟು ಸಾಕು. ಅದಕ್ಕೆ ಹಳೇ ಬಣ್ಣ ಕೆರೆಯೋ ಮುಂಚೆ ಟೆಸ್ಟ್ ಮಾಡ್ಸಿ. ಸೀಸ ಇದೆ ಅಂತಾದ್ರೆ, ಅಥವಾ ಟೆಸ್ಟ್ ಮಾಡ್ಸೋಕೆ ಆಗದಿದ್ರೆ, ಇದೆ ಅಂತಲೇ ತಿಳ್ಕೊಂಡು ಒಣ ಸ್ಯಾಂಡಿಂಗ್, ಅಂದ್ರೆ ಒಣಗಿದ ಬಣ್ಣನ ಉಪ್ಪುಕಾಗದದಲ್ಲಿ ಉಜ್ಜೋದು, ಮಾಡ್ಸಲೇಬೇಡಿ, ಬೆಂಕಿ ಹಿಡಿದು ಬಣ್ಣ ಕೀಳೋದಂತೂ ಬೇಡವೇ ಬೇಡ. ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆಯೋದು ಒಂದು ದಾರಿ, ಬಣ್ಣ ಗಟ್ಟಿಯಾಗಿ ಕೂತಿದ್ರೆ ಕೆರೆಯದೇ ಅದರ ಮೇಲೇ ಪ್ರೈಮರ್ ಹೊಡೆದು ಮುಚ್ಚೋದು ಇನ್ನೂ ಒಳ್ಳೇದು. ಕೆರೆಯೋ ದಿನಗಳಲ್ಲಿ ಮಕ್ಕಳು, ಬಸುರಿ ಹೆಂಗಸರು ಮನೇಲಿ ಇರಲೇಬಾರದು. ಆಮೇಲೆ ಪೊರಕೇಲಿ ಗುಡಿಸ್ಬೇಡಿ, ಮಾಮೂಲಿ ವ್ಯಾಕ್ಯೂಮ್ ಹಾಕ್ಬೇಡಿ, ಅದು ಸಣ್ಣ ಧೂಳನ್ನ ಹಿಂದಿನಿಂದ ಮತ್ತೆ ಗಾಳಿಗೆ ಬಿಡುತ್ತೆ. ಸಣ್ಣ ಧೂಳನ್ನೂ ಹಿಡಿದಿಡೋ ಹೆಪಾ ಫಿಲ್ಟರ್ ಇರೋ ವ್ಯಾಕ್ಯೂಮ್ ಹಾಕಿ, ಇಲ್ಲಾಂದ್ರೆ ಒದ್ದೆ ಬಟ್ಟೇಲಿ ಒರೆಸಿ, ಬಟ್ಟೆ ಎಸೆದುಬಿಡಿ.

ಕಲ್ನಾರು, ಅದೇ ಆಸ್ಬೆಸ್ಟಾಸ್, ಇನ್ನೊಂದು. ಹಳೇ ಸಿಮೆಂಟ್ ಶೀಟು, ಹಳೇ ಪೈಪಿಗೆ ಸುತ್ತಿದ ಹೊದಿಕೆ, ಹಳೇ ಕಾಲದ ಕೆಲವು ನೆಲದ ಟೈಲ್ಸ್, ಇವುಗಳಲ್ಲಿ ಇರ್ಬಹುದು. ಬ್ರಿಟನ್ನಿನಲ್ಲಿ ಪೂರ್ತಿ ನಿಷೇಧ ಆಗಿದ್ದೇ 1999ರಲ್ಲಿ, ಅಂದ್ರೆ ತೀರಾ ಹಳೇದಲ್ಲದ ಮನೇಲೂ ಅನುಮಾನ ಇಟ್ಕೊಳ್ಳಿ. ಒಡೆಯದೇ, ಕೊರೆಯದೇ ಇರೋವರೆಗೂ ಅದರ ಪಾಡಿಗೆ ಅದು ಇರುತ್ತೆ, ಒಡೆದ್ರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹೋಗುತ್ತೆ, ಕ್ಯಾನ್ಸರ್ ತರುತ್ತೆ, ಅದೂ ಹತ್ತಾರು ವರ್ಷ ಆದ್ಮೇಲೆ. ಇದನ್ನ ತೆಗೆಸೋಕೆ ಅದೇ ಕೆಲಸ ಗೊತ್ತಿರೋರನ್ನ ಕರೀರಿ, ಇಲ್ಲಿ ದುಡ್ಡು ಉಳಿಸೋ ಯೋಚನೆ ಬೇಡ. ಟೈಲ್ಸ್, ಕಾಂಕ್ರೀಟ್ ಕಟ್ ಮಾಡೋವಾಗ ಬರೋ ಸಿಲಿಕಾ ಧೂಳೂ ಕೆಟ್ಟದ್ದೇ, ಮನೆ ಹೊರಗೆ ನೀರು ಬಿಟ್ಕೊಂಡು ಕಟ್ ಮಾಡಿ ಅಂತ ಕೆಲಸದೋರಿಗೆ ಹೇಳಿ, ಅವರಿಗೆ ಎನ್95 ಮಾಸ್ಕ್ ನೀವೇ ತಂದ್ಕೊಡಿ. ಅವರ ಮನೇಲೂ ಮಕ್ಕಳಿದ್ದಾರೆ.

ಧೂಳಿಗೆ ನಾವು ಕಂಡ್ಕೊಂಡ ಉಪಾಯ ಅಂದ್ರೆ ಮನೇಲಿ ಒಂದು ಕೋಣೆ ಯಾವತ್ತೂ ಒಡೆಯೋ ಹಾಗಿಲ್ಲ. ಮನೆಗೆ ಹೋಗೋ ಮುಂಚೆನೇ ಒಂದು ಕೋಣೆ ಪೂರ್ತಿ ಮುಗಿಸ್ಬಿಡಿ, ಬಣ್ಣ, ಸ್ವಿಚ್ಚು, ಕಿಟಕಿ ಎಲ್ಲ. ಅದು ಮಕ್ಕಳು ಮಲಗೋ ಕೋಣೆ, ಸಂಜೆ ಎಲ್ಲರೂ ಕೂತು ಪ್ರಾರ್ಥನೆ ಮಾಡೋ ಕೋಣೆನೂ ಅದೇ. ಅಲ್ಲಿಗೆ ಸುತ್ತಿಗೆ ಹೋಗಲ್ಲ, ಸಿಮೆಂಟ್ ಚೀಲ ಹೋಗಲ್ಲ, ಕೆಲಸದ ಚಪ್ಪಲಿ ಹೋಗಲ್ಲ. ಬಾಗಿಲ ಹೊರಗೆ ಮೇಲಿಂದ ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟು ಅಂಟಿಸಿ, ನಡುವೆ ಅಂಟಿಸೋ ಜಿಪ್ ಹಾಕಿ, ಕೆಳಗೆ ಒಂದು ಒದ್ದೆ ಗೋಣಿ ಬಟ್ಟೆ. ಒಡೆಯೋ ಜಾಗದ ಕಿಟಕಿಗೆ ಫ್ಯಾನ್ ಇಟ್ಟು ಗಾಳಿ ಹೊರಗೆ ಹೋಗೋ ಹಾಗೆ ತಿರುಗಿಸಿ, ಆಗ ಧೂಳು ಮನೆ ಒಳಗಡೆ ಬರೋದು ಕಮ್ಮಿ ಆಗುತ್ತೆ. ಸಂಜೆ ಆ ಗೋಣಿ ಬಟ್ಟೆ ಎತ್ತಿ ಹಿಂಡಿದ್ರೆ ಬೂದಿ ಬಣ್ಣದ ನೀರು ಇಳಿಯುತ್ತೆ, ಅದನ್ನ ನೋಡಿದ್ರೇನೇ ಗೊತ್ತಾಗೋದು ಇಷ್ಟೂ ಮಕ್ಕಳ ಎದೆಗೆ ಹೋಗ್ಬೇಕಿತ್ತಲ್ಲ ಅಂತ. ಬೇರೆ ಏನು ಮಾಡದಿದ್ರೂ ಇದೊಂದು ಮಾಡಿ. ಇಡೀ ಮನೆ ಒಟ್ಟಿಗೆ ಒಡೆದ್ರೆ ಬೇಗ ಮುಗಿಯುತ್ತೆ, ಕೂಲಿ ಉಳಿಯುತ್ತೆ ಅಂತ ಗುತ್ತಿಗೆದಾರರು ಹೇಳ್ತಾರೆ, ಅವರ ಲೆಕ್ಕ ಸರಿನೇ ಇರುತ್ತೆ, ಆದ್ರೂ ಬೇಡ ಅನ್ನಿ.

ಧೂಳು ಬಿಟ್ಟು ಇನ್ನೂ ಕೆಲವು ಇದೆ, ಒಂದೊಂದೂ ಮುಖ್ಯ. ಹಸಿ ಸಿಮೆಂಟ್ ಮಕ್ಕಳಿಗೆ ಮಣ್ಣಿನ ಥರ ಕಾಣುತ್ತೆ, ಆದ್ರೆ ಅದು ಚರ್ಮ ಸುಡೋ ಕ್ಷಾರ, ಕಣ್ಣಿಗೆ ಬಿದ್ರೆ ತಕ್ಷಣ ತುಂಬಾ ಹೊತ್ತು ನೀರು ಬಿಟ್ಟು ತೊಳೆದು ಡಾಕ್ಟರ ಹತ್ರ ಓಡ್ಬೇಕು. ಕ್ಯೂರಿಂಗ್‌ಗೆ, ಅಂದ್ರೆ ಹೊಸ ಸಿಮೆಂಟ್ ಕೆಲಸನ ಒದ್ದೆಯಾಗಿಡೋಕೆ ಅಂತ ನೀರು ತುಂಬಿಸಿಟ್ಟ ಬಕೆಟ್ಟು, ಡ್ರಮ್ಮು ಸಂಜೆ ಖಾಲಿ ಮಾಡ್ಲೇಬೇಕು ಅಥವಾ ಗಟ್ಟಿ ಮುಚ್ಚಳ ಹಾಕ್ಬೇಕು, ಸಣ್ಣ ಮಗು ಕೆಲವೇ ಇಂಚು ನೀರಲ್ಲಿ ತಲೆಕೆಳಗಾಗಿ ಬಿದ್ರೂ ಎದ್ದೇಳೋಕೆ ಆಗಲ್ಲ. ಏಣಿ ನಿಲ್ಲಿಸಿಟ್ಟು ಹೋಗ್ಬಾರದು, ಮಲಗಿಸಿ ಕಟ್ಟಿಡ್ಬೇಕು. ಡ್ರಿಲ್ಲು, ಕಟ್ಟರ್ ಇಂದ ಬ್ಯಾಟರಿ ತೆಗೆದು ಮೇಲೆ ಇಡಿ. ಥಿನ್ನರ್, ಆಸಿಡ್‌ನ ಯಾವತ್ತೂ ಕುಡಿಯೋ ನೀರಿನ ಬಾಟಲಿಗೆ ಹಾಕಿಡ್ಬೇಡಿ. ದಿನದ ಕೊನೇಲಿ ಒಂದು ದೊಡ್ಡ ಮ್ಯಾಗ್ನೆಟ್‌ಗೆ ದಾರ ಕಟ್ಟಿ ನೆಲದ ಮೇಲೆ ಎಳ್ಕೊಂಡು ಹೋದ್ರೆ ಮೊಳೆ, ಸ್ಕ್ರೂ ಎಲ್ಲ ಬಂದು ಅಂಟುತ್ತೆ, ನಮ್ಮ ಮಕ್ಕಳು ದೊಡ್ಡೋರಾಗ್ತಾ ಆ ಕೆಲಸಕ್ಕೇ ಜಗಳ ಆಡ್ತಿದ್ರು. ಆದ್ರೆ ಚಪ್ಪಲಿ ಅಲ್ಲ, ದಪ್ಪ ಅಡಿಯ ಶೂ ಹಾಕ್ಸಿ.

ಕೆಲಸದ ಕ್ರಮ ಹೀಗಿರಲಿ: ಮೇಲಿಂದ ಕೆಳಗೆ, ಒಳಗಿಂದ ಹೊರಗೆ. ಮೊದಲು ಛಾವಣಿ, ನೀರು ಸೋರೋ ಜಾಗ, ಆಮೇಲೆ ಗೋಡೆ ಬೀಮು ಏನಾದ್ರೂ ಇದ್ರೆ ಅದು, ಆಮೇಲೆ ಪೈಪು ಮತ್ತೆ ವೈರಿಂಗು, ಆಮೇಲೆ ಪ್ಲಾಸ್ಟರಿಂಗ್, ವಾಟರ್‌ಪ್ರೂಫಿಂಗ್, ಟೈಲ್ಸ್, ಬಣ್ಣ, ಕೊನೇಲಿ ಬಾಗಿಲು ಕಪಾಟು ನಲ್ಲಿ ಲೈಟು. ಛಾವಣಿ ಸೋರ್ತಿರೋವಾಗ ಅಡುಗೆಮನೆ ಚೆಂದ ಮಾಡೋಕೆ ಹೋದ್ರೆ ಅದೇ ಕೆಲಸ ಎರಡು ಸಲ ಮಾಡ್ಬೇಕಾಗುತ್ತೆ.

ವೈರಿಂಗ್ ಹಳೇದಿದ್ರೆ ಪೂರ್ತಿ ಬದಲಾಯಿಸಿ, ಅರ್ಥಿಂಗ್ ಸರಿ ಇದ್ಯಾ ಅಂತ ಮೀಟರ್ ಇಟ್ಟು ಚೆಕ್ ಮಾಡ್ಸಿ, 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗೋ, ಅಂದ್ರೆ ಅಷ್ಟು ಕರೆಂಟು ಸೋರಿದ್ರೆ ತಾನೇ ಆಫ್ ಆಗೋ ಆರ್‌ಸಿಸಿಬಿ ಸ್ವಿಚ್ಚು ಹಾಕ್ಸಿ. ಮಾಮೂಲಿ ಎಂಸಿಬಿ ಸ್ವಿಚ್ಚು ಇರೋದು ಓವರ್‌ಲೋಡು, ಶಾರ್ಟ್ ಸರ್ಕ್ಯೂಟಿಗೆ, ಮಗು ಪ್ಲಗ್ ಪಾಯಿಂಟಿಗೆ ಕಡ್ಡಿ ಚುಚ್ಚಿ ಶಾಕ್ ಹೊಡೆಸ್ಕೊಂಡ್ರೆ ಅದು ಬೀಳಲ್ಲ, ಕರೆಂಟು ಮೈಯಿಂದ ನೆಲಕ್ಕೆ ಇಳಿಯೋದನ್ನ ಗುರುತಿಸಿ ಕಟ್ ಮಾಡೋದು ಆರ್‌ಸಿಸಿಬಿ. ಅದ್ರಲ್ಲಿರೋ ಟೆಸ್ಟ್ ಬಟನ್‌ನ ಆಗಾಗ ಒತ್ತಿ ನೋಡ್ತಿರಿ. ಪೈಪುಗಳನ್ನ ಗೋಡೆ ಮುಚ್ಚೋ ಮುಂಚೆ ಪ್ರೆಶರ್ ಹಾಕಿ ಟೆಸ್ಟ್ ಮಾಡ್ಸಲೇಬೇಕು. ಪ್ಲಾಸ್ಟರ್ ಮಾಡೋ ಹಿಂದಿನ ದಿನ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೋ ತೆಗೀರಿ, ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರದಲ್ಲಿ ಪೈಪು ವೈರು ಇದೆ ಅಂತ ಕಾಣೋ ಹಾಗೆ. ಮುಂದೆ ನಿಮ್ಮಿಂದ ಮನೆ ತಗೊಳ್ಳೋರಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ.

ಸಿಮೆಂಟಿಗೆ ಅವಸರ ಮಾಡಿಸ್ಬೇಡಿ. ಹೊಸ ಕಾಂಕ್ರೀಟಿಗೆ ಕನಿಷ್ಠ 7 ದಿನ ಒದ್ದೆ ಆರದ ಹಾಗೆ ನೋಡ್ಕೋಬೇಕು, ಅದರ ಬಲ ಲೆಕ್ಕ ಹಾಕೋದು 28 ದಿನಕ್ಕೆ. ಪ್ಲಾಸ್ಟರ್ ಒಣಗೋ ಮುಂಚೆ ಪುಟ್ಟಿ ಬಣ್ಣ ಹಚ್ಚಿದ್ರೆ ಒಳಗಿನ ತೇವ ಹೊರಗೆ ಬರೋಕೆ ದಾರಿ ಹುಡುಕುತ್ತೆ, ಬಣ್ಣ ಸಿಪ್ಪೆ ಏಳುತ್ತೆ, ಅದೂ ಕರೆಕ್ಟಾಗಿ ಕೊಳ್ಳೋರು ಮನೆ ನೋಡೋಕೆ ಬರೋ ಹೊತ್ತಿಗೆ. ಈ ಕಾಯೋ ದಿನಗಳನ್ನ ದಂಡ ಅಂದ್ಕೋಬೇಡಿ, ಆಗ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ, ಅವರಿಗೂ ಬೇಕಾಗಿರುತ್ತೆ.

ಬಾತ್‌ರೂಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಮಾರಿದ್ಮೇಲೆ ಬೈಗುಳ ಬರೋದು ಹೆಚ್ಚಾಗಿ ಬಾತ್‌ರೂಮಿಂದಾನೇ. ವಾಟರ್‌ಪ್ರೂಫಿಂಗ್ ಕೋಟ್ ಗೋಡೆ ನೆಲ ಸೇರೋ ಮೂಲೆ, ಪೈಪು ಹೊರಗೆ ಬರೋ ಜಾಗ ಎಲ್ಲ ಸೇರಿಸಿ ಹಾಕ್ಸಿ, ಗೋಡೆ ಮೇಲೂ ಏರ್ಬೇಕು, ಶವರ್ ಇರೋ ಕಡೆ ತಲೆಗಿಂತ ಎತ್ತರಕ್ಕೆ. ಒಣಗಿದ್ಮೇಲೆ ಡ್ರೈನ್ ಮುಚ್ಚಿ ಒಂದೆರಡು ಇಂಚು ನೀರು ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ನೀರಿನ ಮಟ್ಟ ಗುರುತು ಮಾಡಿ, ಬಾಗಿಲಿಗೆ ಚಿಲಕ ಹಾಕಿ 24 ಗಂಟೆ ಬಿಡಿ. ಮಾರನೇ ದಿನ ಮಟ್ಟ ಇಳಿದಿದ್ರೆ ಅಥವಾ ಕೆಳಗಿನ ಕೋಣೆ ಸೀಲಿಂಗಲ್ಲಿ ಕಲೆ ಬಂದಿದ್ರೆ ಟೈಲ್ಸ್ ಮಾತೇ ಬೇಡ, ಮತ್ತೆ ಮೊದಲಿಂದ. ಟೈಲ್ಸ್ ಕೂರಿಸೋವಾಗ ನೀರು ಹೋಗೋ ಇಳಿಜಾರು ಮೀಟರಿಗೆ 1ರಿಂದ 2 ಸೆಂಟಿಮೀಟರ್ ಇರಲಿ. ಇದನ್ನ ಪರೀಕ್ಷೆ ಮಾಡೋಕೆ ನಮ್ಮ ದೊಡ್ಡ ಮಗನ ಕೈಗೆ ಒಂದು ಗೋಲಿ ಕೊಡ್ತಿದ್ವಿ. ಅವನು ಬಾತ್‌ರೂಮಿನ ಒಂದೊಂದು ಮೂಲೇಲೂ ಕೂತು ಗೋಲಿನ ನೆಲಕ್ಕಿಟ್ಟು ಕೈ ಬಿಡೋನು, ಅದು ಉರುಳ್ಕೊಂಡು ಜಾಲರಿ ಹತ್ರ ಹೋದ್ರೆ ಚಪ್ಪಾಳೆ. ಒಂದು ಸಲ ಕಮೋಡ್ ಹಿಂದಿನ ಮೂಲೇಲಿ ಗೋಲಿ ನಿಂತಲ್ಲೇ ನಿಂತ್ಬಿಡ್ತು, ಟೈಲ್ಸ್ ಮೇಸ್ತ್ರಿ ಬಗ್ಗಿ ನೋಡಿದ್ರು, ಏನೂ ಮಾತಾಡದೇ ನಾಲ್ಕು ಟೈಲ್ಸ್ ಎಬ್ಬಿಸಿ ಮತ್ತೆ ಕೂರಿಸಿದ್ರು. ಟೈಲ್ಸ್ ಒಣಗಿದ್ಮೇಲೆ ಒಂದು ನಾಣ್ಯ ತಗೊಂಡು ಎಲ್ಲ ಟೈಲ್ಸ್‌ನೂ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ್ರೆ ಕೆಳಗೆ ಗಾರೆ ತುಂಬಿಲ್ಲ ಅಂತ, ಮುಂದೆ ಭಾರ ಬಿದ್ದಾಗ ಅದು ಬಿರುಕು ಬಿಡುತ್ತೆ.

ಗ್ಲಾಸು, ಕಂಬಿ, ಬಿಸಿನೀರು ವಿಷಯದಲ್ಲಿ ಮಾರೋ ಮನೆಗೂ ನಿಮ್ಮ ಮಕ್ಕಳಿಗೂ ಬೇರೆ ಬೇರೆ ಲೆಕ್ಕ ಬೇಡ. ಮೆಟ್ಟಿಲು ಬಾಲ್ಕನಿ ಕಂಬಿಗಳ ನಡುವೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದಿ ಇರಬಾರದು, ಅಡ್ಡ ಕಂಬಿ ಹಾಕಿದ್ರೆ ಮಕ್ಕಳು ಏಣಿ ಥರ ಹತ್ತುತ್ತಾರೆ, ಉದ್ದ ಕಂಬಿನೇ ಹಾಕ್ಸಿ. ಬಾತ್‌ರೂಮಿನ ನಲ್ಲೀಲಿ ಬರೋ ಬಿಸಿನೀರು 50 ಡಿಗ್ರಿ ದಾಟದ ಹಾಗೆ ಮಾಡ್ಸಿ, 60 ಡಿಗ್ರಿ ನೀರಿಗೆ ಮಗುವಿನ ಚರ್ಮ ಸುಡೋಕೆ ಕೆಲವೇ ಸೆಕೆಂಡ್ ಸಾಕು. ಎತ್ತರದ ಬೀರು, ಪುಸ್ತಕದ ಕಪಾಟು ಗೋಡೆಗೆ ಬಿಗಿದಿರಲಿ. ಬಣ್ಣದಲ್ಲಿ ವಿಒಸಿ, ಅಂದ್ರೆ ಗಾಳಿಗೆ ಆವಿಯಾಗಿ ಸೇರೋ ರಾಸಾಯನಿಕ, ಕಮ್ಮಿ ಇರೋದನ್ನ ಕೇಳಿ ತಗೊಳ್ಳಿ, ಹೊಡೆದ್ಮೇಲೆ ಕೆಲವು ದಿನ ಕಿಟಕಿ ತೆಗೆದಿಟ್ಟು ವಾಸನೆ ಹೋದ್ಮೇಲೇ ಮಗುನ ಆ ಕೋಣೇಲಿ ಮಲಗಿಸಿ.

ಅಡುಗೆಮನೆ ಒಡೆಯೋ ಮುಂಚೆ ಬೇರೆ ಕಡೆ ಒಂದು ತಾತ್ಕಾಲಿಕ ಅಡುಗೆ ಮೂಲೆ ರೆಡಿ ಇರ್ಬೇಕು, ಒಲೆ, ನೀರು, ಪಾತ್ರೆ ತೊಳೆಯೋ ಜಾಗ, ಮಕ್ಕಳ ಕೈಗೆ ಎಟುಕದ ಹಾಗೆ. ಬಾತ್‌ರೂಮ್ ಎರಡಿದ್ರೆ ಒಂದಾದ್ಮೇಲೆ ಒಂದು, ಒಂದೇ ಇದ್ರೆ ಆ ವಾರ ನೆಂಟರ ಮನೆಗೆ ಹೋಗಿಬಿಡಿ.

ಈಗ ನಂಬಿಕೆ ದಿನನಿತ್ಯದ ಕೆಲಸದಲ್ಲಿ ಎಲ್ಲಿ ಕಾಣ್ಬೇಕು ಅನ್ನೋದು. ವಾರಕ್ಕೆ ಒಂದು ದಿನ ಪೂರ್ತಿ ಕೆಲಸ ನಿಲ್ಲಿಸಿ, ಎಷ್ಟೇ ಲೇಟ್ ಆಗಿದ್ರೂ. ಆ ದಿನ ಸುತ್ತಿಗೆ ಸದ್ದಿಲ್ಲ, ಟೈಲ್ಸ್ ಅಂಗಡಿಗೆ ಫೋನಿಲ್ಲ, ರೇಟಿನ ಮಾತಿಲ್ಲ. ಈ ದಿನ ಬಿಟ್ಟುಕೊಟ್ಟ ಮನೆಗಳಲ್ಲಿ ಮೊದಲು ಗಂಡ ಹೆಂಡತಿ ಸುಸ್ತಾಗಿ ಆಮೇಲೆ ಕೆಲಸ ಕೆಡೋದನ್ನ ನಾನು ನೋಡಿದ್ದೀನಿ. ಮಕ್ಕಳಿಗೆ ಅದೊಂದೇ ದಿನ ಅಪ್ಪನ ಕೈ ಖಾಲಿ ಇರೋದು. ಎರಡನೇದು ಕೂಲಿ. ಹೇಳಿದ ದಿನ, ಹೇಳಿದಷ್ಟು, ಕೇಳೋ ಮುಂಚೆ ಕೊಡಿ. ಕೆಲಸದೋರ ಬಾಕಿ ಇಟ್ಕೊಂಡು ಅದೇ ಮನೇಲಿ ಕೂತು ದೇವರ ಹೆಸರು ಹೇಳೋಕೆ ನಾಲಿಗೆ ಹೇಗೆ ಬರುತ್ತೆ. ಆದ್ರೆ ಮುಂಗಡ ಪೂರ್ತಿ ಕೊಟ್ಟುಬಿಡೋದು ಒಳ್ಳೇತನ ಅಲ್ಲ, ಕೆಲಸದ ಹಂತಕ್ಕೆ ತಕ್ಕಂತೆ ಇಷ್ಟು ಅಂತ ಮೊದಲೇ ಬರೆದು ಇಬ್ಬರೂ ಸಹಿ ಹಾಕಿ, ಕೊನೇ ಕಂತು ಎಲ್ಲ ಸಣ್ಣಪುಟ್ಟ ಕೆಲಸ ಮುಗಿದ್ಮೇಲೆ.

ಮೂರನೇದು ಮಾರೋವಾಗಿನ ಸತ್ಯ. ಡ್ಯಾಂಪ್ ಗೋಡೆಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆದ್ರೆ ಆರು ತಿಂಗಳು ಗೊತ್ತಾಗಲ್ಲ, ಅಷ್ಟರಲ್ಲಿ ದುಡ್ಡು ಕೈಗೆ ಬಂದಿರುತ್ತೆ, ಆ ಆಸೆ ಎಲ್ಲರಿಗೂ ಬರುತ್ತೆ, ಸುಸ್ತಾದಾಗ ಇನ್ನೂ ಜಾಸ್ತಿ ಬರುತ್ತೆ. ಬೇಡ. ಆ ಕೋಣೇಲಿ ನಾಳೆ ಇನ್ಯಾರದೋ ಮಗು ಮಲಗುತ್ತೆ, ಬೂಷ್ಟಿನ ಗಾಳಿ ಕುಡಿದು ಕೆಮ್ಮುತ್ತೆ. ಮೂಲ ಸರಿ ಮಾಡ್ಸಿ, ಸರಿ ಮಾಡೋಕೆ ಆಗದ್ದು ಏನಾದ್ರೂ ಉಳಿದಿದ್ರೆ ಕಾಗದದ ಮೇಲೆ ಬರೆದು ಕೊಳ್ಳೋರ ಕೈಗೆ ಕೊಡಿ. ಎಷ್ಟೋ ಕಡೆ ಗೊತ್ತಿರೋ ದೋಷ ಮುಚ್ಚಿಟ್ಟು ಮಾರಿದ್ರೆ ಕೇಸ್ ಹಾಕೋಕೂ ಅವಕಾಶ ಇದೆ, ಆದ್ರೆ ಕೇಸ್ ಭಯಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ ಅಂತ ನಿಮಗೂ ಗೊತ್ತು. ನನ್ನ ಅನುಭವದಲ್ಲಿ ದೋಷನ ಮೊದಲೇ ಹೇಳಿದಾಗ ಕೊಳ್ಳೋರು ಓಡಿಹೋಗಲ್ಲ, ಸ್ವಲ್ಪ ಚೌಕಾಸಿ ಮಾಡ್ತಾರೆ, ಆದ್ರೆ ಉಳಿದಿದ್ದನ್ನೆಲ್ಲ ನಂಬ್ತಾರೆ.

ಎಲ್ಲಿ ಖರ್ಚು ಮಾಡ್ಬೇಕು, ಎಲ್ಲಿ ಕೈ ಬಿಗಿ ಹಿಡೀಬೇಕು ಅಂತ ಕೇಳ್ತಾರೆ. ಅಡುಗೆಮನೆ, ಬಾತ್‌ರೂಮು, ಬೆಳಕು, ಸಾಮಾನಿಡೋ ಜಾಗ, ಮುಂಬಾಗಿಲು, ಇವುಕ್ಕೆ ಖರ್ಚು ಮಾಡಿ. ನಿಮ್ಮ ಸ್ವಂತ ಇಷ್ಟದ ಗಾಢ ಬಣ್ಣ, ಗೋಡೆ ತುಂಬಾ ಕೆತ್ತನೆ, ದುಬಾರಿ ಸೀಲಿಂಗು, ಇವುಕ್ಕೆ ಹಾಕಿದ ದುಡ್ಡು ವಾಪಸ್ ಬರೋದು ಕಷ್ಟ. ಸುತ್ತಮುತ್ತಲಿನ ಮನೆಗಳು ಯಾವ ಮಟ್ಟಕ್ಕೆ ಇವೆ ಅಂತ ನೋಡ್ಕೊಂಡು ಅದಕ್ಕಿಂತ ತುಂಬಾ ಮೇಲೆ ಹೋಗ್ಬೇಡಿ, ಬೀದಿ ಕೊಡೋ ರೇಟಿಗಿಂತ ಮನೆ ಜಾಸ್ತಿ ತರಲ್ಲ.

ಮನೆ ನೋಡೋಕೆ ಜನ ಬರೋ ವಾರಗಳು ಮಕ್ಕಳಿರೋ ಮನೇಲಿ ತುಂಬಾ ಕಷ್ಟ. ಆಟದ ಸಾಮಾನಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲೇ ಪ್ಯಾಕ್ ಮಾಡಿಡಿ, ಉಳಿದಿದ್ದಕ್ಕೆ ಒಂದೇ ಮುಚ್ಚಳದ ಬುಟ್ಟಿ, ಫೋನ್ ಬಂದ ತಕ್ಷಣ ಎಲ್ಲ ಅದಕ್ಕೆ. ಕೊಳ್ಳೋರು ಬಂದಾಗ ನೀವೂ ಮಕ್ಕಳೂ ಹೊರಗೆ ಇರಿ. ಮಕ್ಕಳ ಫೋಟೋ, ಸ್ಕೂಲಿನ ಹೆಸರು ಕಾಣೋ ಕಾಗದ, ಇವನ್ನ ಗೋಡೆಯಿಂದ ತೆಗೆದಿಡಿ, ಮಾರಾಟದ ಫೋಟೋದಲ್ಲೂ ಬರಬಾರದು.

ಮನೆ ಬಿಡೋದನ್ನ ಮಕ್ಕಳಿಗೆ ಹೇಳೋದೂ ಈ ಕೆಲಸದ ಒಂದು ಭಾಗ. ತೀರಾ ಚಿಕ್ಕವರಿಗೆ ತಿಂಗಳು ಮುಂಚೆ ಹೇಳಿದ್ರೆ ಅರ್ಥ ಆಗಲ್ಲ, ನಾಲ್ಕೈದು ವರ್ಷ ದಾಟಿದೋರಿಗೆ ಬೋರ್ಡ್ ಹಾಕೋ ಮುಂಚೆನೇ ಹೇಳಿ, ಬೇರೆಯವರ ಬಾಯಿಂದ ಗೊತ್ತಾಗಬಾರದು. ಅಳ್ತಾರೆ, ಅಳಲಿ. ನಮ್ಮ ಮಗಳು ಈ ಮನೆ ದೇವರು ನಮಗೆ ಕೊಟ್ಟಿದ್ದು ಅಂದಿದ್ರಲ್ಲ, ಮತ್ತೆ ಯಾಕೆ ಬೇರೆಯವರಿಗೆ ಕೊಡ್ತೀರಿ ಅಂತ ಕೇಳಿದ್ಲು. ನೋಡ್ಕೊಳ್ಳೋಕೆ ಕೊಟ್ಟಿದ್ದು ಮಗಳೇ, ಚೆನ್ನಾಗಿ ಮಾಡಿ ಇನ್ನೊಬ್ಬರ ಕೈಗೆ ಕೊಡೋಣ ಅಂತ ಅಂದೆ, ಸ್ವಲ್ಪ ಹೊತ್ತು ಯೋಚನೆ ಮಾಡಿ, ಹಂಗಾದ್ರೆ ಅವರಿಗೆ ಗೋಲಿ ಟೆಸ್ಟ್ ಹೇಳ್ಕೊಡ್ಬೇಕು ಅಂದ್ಲು. ಸಾಗೋವಾಗ ಮಕ್ಕಳ ಹಾಸಿಗೆ, ಹೊದಿಕೆ, ಮಲಗೋವಾಗ ಹಿಡ್ಕೊಳ್ಳೋ ಗೊಂಬೆ ಇರೋ ಡಬ್ಬ ಕೊನೇಲಿ ಲೋಡ್ ಮಾಡಿ, ಹೊಸ ಮನೇಲಿ ಮೊದಲು ಇಳಿಸಿ, ಮೊದಲ ರಾತ್ರಿ ಬೇರೇನೂ ಬಿಚ್ಚದಿದ್ರೂ ಅವರ ಹಾಸಿಗೆ ರೆಡಿ ಆಗ್ಲಿ. ಸ್ಕೂಲ್ ಬದಲಾಗೋದಿದ್ರೆ ಮಾರಾಟನ ರಜೆಗೆ ಹೊಂದಿಸ್ಕೊಳ್ಳಿ.

ಕೊನೇದಾಗಿ ಒಂದು ಫೈಲ್ ಮಾಡಿ ಕೊಳ್ಳೋರಿಗೆ ಕೀಲಿ ಜೊತೆ ಕೊಡಿ. ಅದ್ರಲ್ಲಿ ಗೋಡೆ ಒಳಗಿನ ಪೈಪು ವೈರಿನ ಫೋಟೋ, ಪ್ರತಿ ಕೋಣೆ ಬಣ್ಣದ ಕಂಪನಿ ಹೆಸರು ಮತ್ತೆ ನಂಬರ್, ವಾಟರ್‌ಪ್ರೂಫಿಂಗ್ ಯಾವಾಗ ಮಾಡ್ಸಿದ್ದು ಅನ್ನೋದು, ವಾರಂಟಿ ಕಾಗದ, ನೀರಿನ ಮೇನ್ ವಾಲ್ವ್ ಎಲ್ಲಿದೆ, ಯಾವ ಎಂಸಿಬಿ ಯಾವ ಕೋಣೆಗೆ ಅನ್ನೋ ಪಟ್ಟಿ, ಉಳಿದ ದೋಷಗಳ ಪಟ್ಟಿ ಎಲ್ಲ ಇರಲಿ. ಮಿಕ್ಕಿದ ನಾಲ್ಕೈದು ಟೈಲ್ಸ್ ಎಸೀಬೇಡಿ, ಅದೇ ಬಣ್ಣದ್ದು ಆಮೇಲೆ ಸಿಗಲ್ಲ, ಅಟ್ಟದ ಮೇಲೆ ಇಟ್ಟು ಎಲ್ಲಿಟ್ಟಿದ್ದೀವಿ ಅಂತ ಫೈಲಲ್ಲಿ ಬರೀರಿ. ಬಂದ ಲಾಭದಲ್ಲಿ ಮೊದಲು ಸಾಲ, ಆಮೇಲೆ ತೆರಿಗೆಗೆ ಬೇರೆ ಎತ್ತಿಡೋದು, ಆಮೇಲೆ ದಾನಕ್ಕೆ ಅಂತ ಮನಸ್ಸಲ್ಲಿ ಅಂದ್ಕೊಂಡಿದ್ದು, ಈ ಮೂರೂ ಆದ್ಮೇಲೆ ಉಳಿದಿದ್ದು ನಿಮ್ಮದು. ಮುಂದಿನ ಮನೆ ಹುಡುಕೋ ಮುಂಚೆ ಗಂಡ ಹೆಂಡತಿ ಇಬ್ಬರೂ ಮತ್ತೆ ಹೊಸ ಹಾಳೆ ತಗೊಂಡು ಕೂತ್ಕೊಳ್ಳಿ, ಹೋದ ಮನೆ ಅಂದಾಜು ಎಷ್ಟಿತ್ತು, ನಿಜವಾಗ್ಲೂ ಎಷ್ಟಾಯ್ತು ಅಂತ ಪಕ್ಕಪಕ್ಕದಲ್ಲಿ ಬರೆದು, ಆ ವ್ಯತ್ಯಾಸನ ಮುಂದಿನ ಬಜೆಟ್ಟಿಗೆ ಸೇರಿಸ್ಕೊಂಡೇ ಮನೆ ನೋಡೋಕೆ ಹೊರಡಿ.